ಮಹಡಿ ನೋಡುತ್ತಿದ್ದ ಬೋರಣ್ಣ ಮಾವ

ನಮ್ಮ ಬೋರಣ್ಣ ಮಾವನ ಕತ್ತು ಸದಾ ಮೇಲಕ್ಕೇ ಇರುತ್ತಿತ್ತು. ದೈವಭಕ್ತಿಯಿಂದಲ್ಲ, ಗರ್ವದಿಂದಲೂ ಅಲ್ಲ. ಅವರು ಊರೂರಿನ ಮಹಡಿ ನೋಡುತ್ತಿದ್ದರು. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಗಲಗಲ ಅನ್ನಿಸುತ್ತ ಟಿವಿಎಸ್ ಮೇಲೆ ಹೊರಟರೆಂದರೆ, ಸಿಂಧಘಟ್ಟದಿಂದ ಕೆ.ಆರ್.ಪೇಟೆಯವರೆಗೆ ಯಾವ ಮನೆಯ ಮೇಲೆ ಹೊಸ ಮನೆ ಏಳುತ್ತಿದೆಯೋ ಅದರ ಮುಂದೆ ಗಾಡಿ ತಾನಾಗಿ ನಿಲ್ಲುತ್ತಿತ್ತು. ಒಂದು ಕಾಲು ನೆಲಕ್ಕೆ, ಒಂದು ಕೈ ಹುಬ್ಬಿಗೆ. ಮನೆಯವರ ಗುರುತು ಪರಿಚಯ ಇರಬೇಕೆಂದೇನೂ ಇಲ್ಲ. ರಸ್ತೆಯಿಂದಲೇ ಕೂಗು ಹಾಕುತ್ತಿದ್ದರು.

"ಯಾರವ್ವಾ ಒಳಗೆ? ನಿಮ್ಮ ಐಕ್ಳು ಏನು ಓದವ್ರೆ?"

ಒಳಗಿನಿಂದ ಬಂದ ಹೆಂಗಸು ಇವರನ್ನು ಪಂಚಾಯ್ತಿಯ ಕಂದಾಯದವರೆಂದೋ, ಹೆಣ್ಣು ಗಂಡು ನೋಡುವ ದಲ್ಲಾಳಿ ಎಂದೋ ತಿಳಿದು ಸೆರಗು ಸರಿಪಡಿಸಿಕೊಂಡು ಉತ್ತರ ಕೊಡುತ್ತಿದ್ದಳು. ಮಾವ ತಲೆಯಾಡಿಸಿ, ಇನ್ನೊಮ್ಮೆ ಮಹಡಿ ನೋಡಿ, ಗಾಡಿ ಒದ್ದು ಹೊರಟುಬಿಡುತ್ತಿದ್ದರು. ಆ ಹೊತ್ತಿಗೆ ನಮ್ಮ ಕುಟುಂಬದ ಯಾವುದೋ ಒಂದು ಮಗುವಿನ ಹಣೆಬರಹ ನಿರ್ಧಾರವಾಗಿರುತ್ತಿತ್ತು.

ಅವರ ಸಿದ್ಧಾಂತ ಸರಳ. ಒಬ್ಬನ ಓದು ದುಡ್ಡು ತಂದಿತೋ ಇಲ್ಲವೋ ಎಂಬುದನ್ನು ಅವನ ಬಾಯಿಂದ ಕೇಳಬಾರದು, ಅವನಪ್ಪನ ಬಾಯಿಂದಂತೂ ಕೇಳಲೇಬಾರದು. ಮನೆಯ ತಲೆ ನೋಡಬೇಕು. ಶೀಟು ಹೋಗಿ ಮೋಲ್ಡು ಬಂದಿದ್ದರೆ ಓದು ಪರವಾಗಿಲ್ಲ. ಮೋಲ್ಡಿನ ಮೇಲೆ ಮಹಡಿ ಎದ್ದಿದ್ದರೆ ಒಳ್ಳೆಯ ಓದು. ಮಹಡಿಗೆ ಟೈಲ್ಸು ಅಂಟಿಸಿ, ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ ಕೂರಿಸಿದ್ದರೆ ನಮ್ಮ ಮನೆಯ ಮಕ್ಕಳನ್ನು ತಡಮಾಡದೆ ಅದೇ ಓದಿಗೆ ಸೇರಿಸತಕ್ಕದ್ದು.

"ಮಾರ್ಕ್ಸ್ ಕಾರ್ಡು ಸುಳ್ಳು ಯೋಳ್ತದೆ. ಸಂಬ್ಳದ ಚೀಟಿನೂ ಸುಳ್ಳು ಯೋಳ್ತದೆ. ಇಟ್ಗೆ ಸುಳ್ಳು ಯೋಳಾಕಿಲ್ಲ ಕಣ್ಲಾ," ಎನ್ನುತ್ತಿದ್ದರು.

ಬೋರಣ್ಣ ಮಾವ ನನ್ನ ತಾಯಿಯ ತಮ್ಮ. ತಾವು ಎಸ್ಸೆಸ್ಸೆಲ್ಸಿಯ ಬಾಗಿಲವರೆಗೆ ಹೋಗಿ, ಒಳಗೆ ಇಣುಕಿ, ವಾಪಸು ಬಂದವರು. ಆದರೂ ನಮ್ಮಲ್ಲಿ ಯಾರ ಮಗು ಯಾವ ಕೋರ್ಸಿಗೆ ಎಂಬ ಪ್ರಶ್ನೆ ಬಂದಾಗ ನನ್ನಪ್ಪನೂ ಸೇರಿ ಎಲ್ಲ ಹಿರಿಯರೂ ಒಂದೇ ಮಾತು ಹೇಳಿ ಟವಲು ಕೊಡವಿ ಎದ್ದುಬಿಡುತ್ತಿದ್ದರು: "ಬೋರಣ್ಣನ್ನ ಕೇಳಿ." ಅದು ಗೌರವ ಎಂದು ನಾನು ಬಹುಕಾಲ ತಿಳಿದಿದ್ದೆ.

ನನ್ನ ಸರದಿ ಬಂದಾಗ ಮಾವ ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಪಾಂಡವಪುರಕ್ಕೆ ಕರೆದುಕೊಂಡು ಹೋದರು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಮನೆ. ತಿಳಿ ಹಸಿರು ಬಣ್ಣದ ಮಹಡಿ, ಅದರ ಮೇಲೆ ಟಿವಿ ಆಂಟೆನಾ, ಆಂಟೆನಾದ ಮೇಲೆ ಒಂದು ಕಾಗೆ. ಮನೆಯ ಮಗ ಮೈಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಎದುರು ಮನೆಯ ಜಗಲಿಯ ಮೇಲೆ ನನ್ನನ್ನು ಕೂರಿಸಿ, "ವಸಿ ಹೊತ್ತು ನೋಡ್ಲಾ ಲೋಕೇಶ, ಕಣ್ತುಂಬ ನೋಡು," ಅಂದರು. ನೋಡಿದೆ. "ಡಿಪ್ಲೊಮಾ. ಮೆಕ್ಯಾನಿಕಲ್ಲು. ಮೂರೇ ವರ್ಷ," ಅಂದರು. ನನಗೆ ಆ ವಯಸ್ಸಿನಲ್ಲಿ ಏನಾಗಬೇಕೆಂದಿತ್ತು ಎಂದು ಈಗ ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ಬಹುಶಃ ಆ ಕಾಗೆಯ ಹಾಗೆ ಸುಮ್ಮನೆ ಎಲ್ಲಾದರೂ ಎತ್ತರದಲ್ಲಿ ಕೂತಿರಬೇಕೆಂದು ಅನಿಸಿದ್ದಿರಬಹುದು. ಡಿಪ್ಲೊಮಾ ಸೇರಿದೆ.

ನಾನು ಮುಗಿಸಿ ಹೊರಬರುವ ವೇಳೆಗೆ ಕಾರ್ಖಾನೆಗಳು ಇದ್ದವರನ್ನೇ ಮನೆಗೆ ಕಳಿಸುವ ಯೋಚನೆಯಲ್ಲಿದ್ದವು. ಅಲೆದು ಅಲೆದು ಕೊನೆಗೆ ಯಾವುದೋ ಪರೀಕ್ಷೆ ಬರೆದು ಗುಮಾಸ್ತನಾದೆ. ಈಗ ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಮೆಕ್ಯಾನಿಕಲ್ ಓದಿದ ನಾನು ಸರ್ವಿಸಿನಲ್ಲಿ ಕೈಯಿಟ್ಟ ಏಕೈಕ ಯಂತ್ರ ಸ್ಟೇಪ್ಲರು. ಅದೂ ಆಗಾಗ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಪಕ್ಕದ ಮೇಜಿನ ಹುಡುಗಿಯನ್ನು ಕರೆಯುತ್ತೇನೆ.

ಮಾವ ತಮ್ಮ ಮಕ್ಕಳಿಗೂ ಮೋಸ ಮಾಡಿದವರಲ್ಲ. ನನ್ನ ಕಾಲ ಮುಗಿದು ಮೇಷ್ಟ್ರುಗಳ ಮನೆಗಳ ಮೇಲೆ ಮಹಡಿ ಏಳತೊಡಗಿದ್ದೇ ಮಗಳು ಜಯಂತಿಯನ್ನು ಟೀಚರ್ ಟ್ರೈನಿಂಗಿಗೆ ಸೇರಿಸಿದರು. ಅವಳು ಮುಗಿಸುವಷ್ಟರಲ್ಲಿ ಹೋಬಳಿಗೊಂದು ಟ್ರೈನಿಂಗ್ ಕಾಲೇಜಾಗಿ, ಬಸ್ ಸ್ಟ್ಯಾಂಡಿನಲ್ಲಿ ಕಲ್ಲೆಸೆದರೆ ಟೀಚರಿಗೇ ಬೀಳುವಂತಾಗಿತ್ತು. ಈಗ ನಾಗಮಂಗಲದ ಒಂದು ಖಾಸಗಿ ಶಾಲೆಯಲ್ಲಿದ್ದಾಳೆ. ಮಕ್ಕಳು ಅವಳೆಂದರೆ ಪ್ರಾಣ ಬಿಡುತ್ತಾರೆ, ಆಡಳಿತ ಮಂಡಳಿ ಮಾತ್ರ ಬಿಡಿಗಾಸು ಬಿಡುವುದಿಲ್ಲ. ಮಗ ಕುಮಾರನ ಹೊತ್ತಿಗೆ ಎಂಜಿನಿಯರುಗಳ ಮನೆ ಗೇಟಿನ ಮೇಲೆ ಸಿಂಹಗಳು ಬಂದು ಕೂತಿದ್ದವು. ಅವನು ಎಲೆಕ್ಟ್ರಾನಿಕ್ಸ್ ಓದಿ, ಈಗ ಪಾಂಡವಪುರದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇಟ್ಟಿದ್ದಾನೆ. ಬಿಲ್ಲು ಹೊಡೆಯುವ ಕಂಪ್ಯೂಟರನ್ನು ಆನ್ ಮಾಡುವಾಗ ತನ್ನ ಎಲೆಕ್ಟ್ರಾನಿಕ್ಸ್ ತುಂಬಾ ಉಪಯೋಗಕ್ಕೆ ಬರುತ್ತದೆ ಎಂದು ಅವನೇ ಹೇಳುತ್ತಾನೆ.

ಮಾವನ ಲೆಕ್ಕ ಎಲ್ಲಿ ತಪ್ಪುತ್ತಿತ್ತು ಎನ್ನುವುದು ನನಗೆ ತಲೆಕೂದಲು ಹಣ್ಣಾದ ಮೇಲೆ ಹೊಳೆಯಿತು. ಒಬ್ಬ ಓದಿ, ಕೆಲಸ ಹಿಡಿದು, ತಂಗಿಯ ಮದುವೆ ಮಾಡಿ, ತಾನು ಮದುವೆಯಾಗಿ, ಉಳಿದದ್ದರಲ್ಲಿ ಮಹಡಿ ಎಬ್ಬಿಸುವಷ್ಟರಲ್ಲಿ ಆ ಓದಿನ ಕಾಲ ಮುಗಿದಿರುತ್ತದೆ. ಮಾವ ಹೋದ ವರ್ಷದ ಮಳೆ ನೋಡಿ ಈ ವರ್ಷ ನಾಟಿ ಹಾಕಿಸುತ್ತಿದ್ದರು. ಹಾಗಂತ ಅವರೊಬ್ಬರೇ ಏನಲ್ಲ. ನಾನೂ ಅದನ್ನೇ ಮಾಡುತ್ತಿದ್ದೇನೆ, ವಾಟ್ಸಾಪಿನಲ್ಲಿ.

ಹಬ್ಬ, ಮದುವೆ, ಬೀಗರೂಟ ಯಾವುದೇ ಇರಲಿ, ಪಂಕ್ತಿಯಲ್ಲಿ ಕೂತ ಕೂಡಲೇ ಮಾವನನ್ನು ಎಳೆಯುವುದು ನಮ್ಮಲ್ಲಿ ಉಪ್ಪಿನಕಾಯಿ ಬಡಿಸಿದಷ್ಟೇ ಸಹಜ. ಕುಮಾರ ಶುರು ಮಾಡುತ್ತಿದ್ದ: "ಅಪ್ಪೋ, ನಿನ್ನ ಮಾತು ಕೇಳ್ದೆ ಇದ್ದಿದ್ರೆ ನಾನು ಇವತ್ತು ಎಲ್ಲಿರ್ತಿದ್ನೋ!"

"ಎಲ್ಲಿರ್ತಿದ್ದೆ? ಇಲ್ಲೇ ಇರ್ತಿದ್ದೆ. ಬೈಯಾಕೆ ಮಾತ್ರ ಯಾರೂ ಸಿಕ್ತಿರ್ನಿಲ್ಲ. ಮುದ್ದೆ ನುಂಗ್ಲಾ, ತಣ್ಣಗಾಯ್ತದೆ."

ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಮಾವ. ಸಣ್ಣತಾಯತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಕಡೆ ಸೌಟು ತೋರಿಸುತ್ತಿದ್ದರು. "ಊರೋರ ಮಾಡಿ ನೋಡಿ ನೋಡಿ ಕತ್ತು ಸೆಟ್ಕಂಡದೆ ಈ ಮನ್ಸಂಗೆ. ನಮ್ಮ ಮನೆ ಮೇಲೆ ಏನೈತೆ ಅಂತ ಒಂದ್ಸಾರಿ ನೋಡು ಅನ್ರಪ್ಪಾ. ಕಂಬಿ! ಬರೀ ಕಂಬಿ!"

ಅದು ನಿಜ. ಮಾವ ಹಳೆಯ ಮನೆ ಕೆಡವಿ ಮೋಲ್ಡು ಹಾಕಿಸಿದಾಗ, ಮುಂದೆ ಮಹಡಿ ಎಬ್ಬಿಸಬೇಕಲ್ಲ ಎಂದು ಪಿಲ್ಲರಿನ ಕಂಬಿಗಳನ್ನು ಕತ್ತರಿಸದೆ ತಾರಸಿಯ ಮೇಲೆ ಆಳೆತ್ತರ ಬಿಡಿಸಿದ್ದರು. ಮಳೆಗೆ ತುಕ್ಕು ಹಿಡಿಯದಿರಲೆಂದು ತುದಿಗೆಲ್ಲ ಪ್ಲಾಸ್ಟಿಕ್ ಬಾಟಲಿ ಕವುಚಿದ್ದರು. ಮೂಲೆಗಳನ್ನು ಹಂಚಿಯೂ ಆಗಿತ್ತು. ಪೂರ್ವದ ಮೂಲೆ ಕುಮಾರನ ಕೋಣೆ. ರಸ್ತೆಯ ಕಡೆ ಜಯಂತಿ ಬಂದರೆ ಉಳಿದುಕೊಳ್ಳಲು. ಹಿಂದಿನದು, "ನಮ್ಮ ಲೋಕೇಶಂಗೆ, ಯಾವಾಗ್ಲಾದ್ರೂ ಬತ್ತಾನೆ, ಚಿಂತೆ ಮಾಡ್ಕಂಡು ಕುಂತ್ಕಳಾಕೆ ಒಂದು ಜಾಗ ಬ್ಯಾಡ್ವಾ?" ಮಕ್ಕಳ ಸಂಬಳ ಬರಲಿ, ಮಹಡಿ ಏಳಲಿ ಎಂದು ಕಾದರು. ಅಷ್ಟರಲ್ಲಿ ಅತ್ತೆ ಕಂಬಿಯಿಂದ ಕಂಬಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರು, ಕೆಳಗೆ ಸಂಡಿಗೆ ಇಟ್ಟರು. ವರ್ಷಗಳು ಹೋದವು. ಬಾಟಲಿಗಳು ಮಾತ್ರ ಬದಲಾಗುತ್ತಿದ್ದವು.

ಈಗ ನನ್ನ ಮಗಳು ಸಿಂಚನಳ ವಿಷಯಕ್ಕೆ ಬರಬೇಕು. ಹೋದ ವರ್ಷ ಅವಳ ಸೆಕೆಂಡ್ ಪಿಯುಸಿ ಮುಗಿದು ಸಿಇಟಿ ಫಲಿತಾಂಶ ಬಂತು. ಹೇಳಿಕೊಂಡು ತಿರುಗುವಷ್ಟು ಒಳ್ಳೆಯ ರ‍್ಯಾಂಕ್ ಅಲ್ಲ, ಆಸೆ ಬಿಟ್ಟು ನಿದ್ದೆ ಮಾಡುವಷ್ಟು ಕೆಟ್ಟದ್ದೂ ಅಲ್ಲ. ಯಾವ ಕೋರ್ಸು, ಯಾವ ಕಾಲೇಜು ಎಂದು ಒಂದರ ಕೆಳಗೊಂದು ಆಪ್ಷನ್ ಹಾಕಬೇಕು. ಮೇಲೆ ಹಾಕಿದ್ದು ಸಿಕ್ಕಿತೆಂದರೆ ಅದೇ ಗತಿ. ಚಿಂತೆ ಮಾಡುವುದಕ್ಕೆ ಒಂದು ಡಿಗ್ರಿ ಇದ್ದಿದ್ದರೆ ನಾನು ಚಿನ್ನದ ಪದಕ ತೆಗೆದುಕೊಳ್ಳುತ್ತಿದ್ದೆ. ಆ ತಿಂಗಳಲ್ಲಿ ಡಾಕ್ಟರೇಟೂ ಆಯಿತು. ಪಾಂಡವಪುರದ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗೆಲ್ಲ 'ನೂರಕ್ಕೆ ನೂರು ಉದ್ಯೋಗ' ಎಂದು ಕೋಟು ಹಾಕಿಕೊಂಡ ಮಕ್ಕಳು ಫ್ಲೆಕ್ಸಿನಿಂದ ನನ್ನನ್ನೇ ನೋಡಿ ನಗುತ್ತಿದ್ದರು. ಕಂಪ್ಯೂಟರ್ ಸೈನ್ಸ್ ಎಂದು ಮನಸ್ಸು ಗಟ್ಟಿ ಮಾಡಿಕೊಂಡರೆ, ಕಚೇರಿಯಲ್ಲಿ ಯಾರೋ "ಇನ್ಮೇಲೆ ಕಂಪ್ಯೂಟರ್ ಕೆಲಸನೆಲ್ಲ ಕಂಪ್ಯೂಟರೇ ಮಾಡ್ಕೊಳ್ಳುತ್ತಂತೆ ಸಾರ್" ಎಂದು ಟೀ ಹೀರುತ್ತಿದ್ದರು. ಆದರೂ ಎಷ್ಟೇ ತಿರುಗಿಸಿದರೂ ನನ್ನ ಮನಸ್ಸು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನನ್ನ ಸಂಬಳದ ಮೇಲೆ ಅವಳು ಬದುಕುವ ಹಾಗಿಲ್ಲ. ಅವಳು ತಪ್ಪು ಓದಿಗೆ ಬಿದ್ದರೆ ಎತ್ತುವುದಕ್ಕೆ ನನ್ನಲ್ಲಿ ಇನ್ನೊಂದು ಹಗ್ಗವಿಲ್ಲ.

"ನಿನಗೇನಿಷ್ಟ ಹೇಳಮ್ಮ," ಎಂದರೆ ಅವಳು ತಟ್ಟೆಯಿಂದ ತಲೆಯೆತ್ತದೆ, "ಗೊತ್ತಿಲ್ಲ ಅಪ್ಪ," ಎನ್ನುತ್ತಿದ್ದಳು.

ಬೇರೆಯವರ ಮಕ್ಕಳಿಗೆಲ್ಲ ಏನೋ ಒಂದು ಕನಸಿರುತ್ತದೆ, ಅಪ್ಪಂದಿರು ಅದನ್ನು ಮುರಿಯುತ್ತಾರೆ ಎಂದು ಕೇಳಿದ್ದೇನೆ. ನನಗೆ ಮುರಿಯುವುದಕ್ಕೂ ಒಂದು ಕನಸು ಸಿಗಲಿಲ್ಲ.

ಅದೇ ಹೊತ್ತಿಗೆ ಮಾವನ ಕತ್ತು ಕೈಕೊಟ್ಟಿತು. ಒಂದು ಬೆಳಗ್ಗೆ ಯಾರದೋ ಮಹಡಿ ನೋಡಿ ಕತ್ತು ಇಳಿಸಲು ಹೋದರೆ ಇಳಿಯಲಿಲ್ಲವಂತೆ. ಹಾಗೇ ಆಕಾಶ ನೋಡಿಕೊಂಡು ಮನೆಗೆ ಬಂದರಂತೆ. ಆದಿಚುಂಚನಗಿರಿ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಕತ್ತಿನ ಮೂಳೆ ಸವೆದಿದೆ ಎಂದು ಹೇಳಿ ಬಿಳಿ ಕೊರಳಪಟ್ಟಿ ಹಾಕಿದರು. ಮೇಲೆ ನೋಡುವಂತಿಲ್ಲ. ವ್ಯಾಯಾಮಕ್ಕೆ ಆಗಾಗ ಬರಬೇಕು. ಕುಮಾರನಿಗೆ ಅಂಗಡಿ, ಜಯಂತಿಗೆ ಶಾಲೆ, ನನಗೆ ಚಿಂತೆ. ರಜೆಯಲ್ಲಿ ಸುಮ್ಮನಿದ್ದವಳು ಸಿಂಚನ. ಸಿಂಧಘಟ್ಟದಲ್ಲೇ ಉಳಿದು, ಅವಳೇ ತಾತನನ್ನು ಬಸ್ಸಿನಲ್ಲಿ ಕರೆದೊಯ್ಯತೊಡಗಿದಳು.

ಒಮ್ಮೆ ನಾನೂ ರಜೆ ಹಾಕಿ ಜೊತೆಗೆ ಹೋದೆ. ಫಿಜಿಯೋಥೆರಪಿ ಕೋಣೆಯಲ್ಲಿ ಒಬ್ಬಳು ಹುಡುಗಿ, ಜಯಂತಿಗಿಂತ ಬಹಳ ಚಿಕ್ಕವಳು. ಮಾವನ ಹಿಂದೆ ನಿಂತು ಅವರ ಭುಜದ ಮೇಲೆ ಕೈಯಿಟ್ಟಳು.

"ತಾತ, ಭುಜ ಸಡಿಲ ಬಿಡಿ. ಯಾರನ್ನೋ ಹೊತ್ಕೊಂಡಿರೋರ ಹಂಗೆ ಬಿಗಿ ಹಿಡ್ಕೊಂಡಿದ್ದೀರಿ."

"ನಾನ್ಯಾರ್ನೂ ಹೊತ್ಕಂಡಿಲ್ಲ ಕಣವ್ವ. ನೀನು ಏನು ಓದಿದ್ದೀಯ?"

"ಬಿಪಿಟಿ ತಾತ. ಇದೇ, ಫಿಜಿಯೋಥೆರಪಿ."

"ಮನೆ ಯಾವ ಕಡೆ?"

"ನಾಗಮಂಗಲದ ಹತ್ರ."

ಮಾವನ ಕಣ್ಣು ಹೊಳೆಯಿತು. ಕತ್ತು ಅಲ್ಲಾಡಿಸುವಂತಿಲ್ಲದ ಕಾರಣ ಕಣ್ಣನ್ನಷ್ಟೇ ಮೇಲಕ್ಕೆ ಹೊರಳಿಸಿದರು. "ಮನೆ ಮೇಲೆ ಮನೆ ಎದ್ದದಾ?"

"ಎಲ್ಲಿ ತಾತ, ಇನ್ನೂ ಶೀಟಿನ ಮನೆನೇ. ಉಸಿರು ಎಳ್ಕೊಳ್ಳಿ... ಬಿಡಿ."

ಮಾವ ಉಸಿರು ಬಿಟ್ಟರು. ಆ ಉಸಿರಿನ ಜೊತೆ ಬಿಪಿಟಿಯೂ ಹೋಯಿತು ಎಂದು ನನಗೆ ಗೊತ್ತಾಯಿತು. ಆದರೆ ಆ ಹುಡುಗಿಯ ಬೆರಳುಗಳು ಕತ್ತಿನ ಹಿಂದೆ ಎಲ್ಲೋ ಒಂದು ಗಂಟನ್ನು ಹುಡುಕಿ ಹಿಡಿದವು. ಮಾವ "ಅಯ್ಯಪ್ಪಾ," ಎಂದರು, ಬಳಿಕ ಬೇರೆಯದೇ ದನಿಯಲ್ಲಿ ಇನ್ನೊಮ್ಮೆ, "ಅಯ್ಯಪ್ಪಾ." ಸಿಂಚನ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದಳು. ನಾನು ಗೋಡೆಯ ಮೇಲಿನ ಬೆನ್ನುಮೂಳೆಯ ಚಿತ್ರ ನೋಡುತ್ತ ಆಪ್ಷನ್ನುಗಳ ಬಗ್ಗೆ ಚಿಂತಿಸುತ್ತಿದ್ದೆ.

ಆಪ್ಷನ್ ಹಾಕುವ ಕೊನೆಯ ದಿನ ಹತ್ತಿರ ಬಂತು. ನಾನು ತಡೆಯಲಾರದೆ ಒಂದು ಭಾನುವಾರ ಬೈಕಿನಲ್ಲಿ ಸಿಂಧಘಟ್ಟಕ್ಕೆ ಹೋದೆ. ಜಗಲಿಯ ಮೇಲೆ ಕೊರಳಪಟ್ಟಿ ಕಟ್ಟಿಕೊಂಡು ಮಾವ ನೇರ ಕೂತಿದ್ದರು, ಫೋಟೊ ತೆಗೆಸಿಕೊಳ್ಳುವವರ ಹಾಗೆ. "ಮಾವ, ಸಿಂಚನಾಗೆ ಏನು ಹಾಕ್ಸೋದು? ಕಂಪ್ಯೂಟರ್ ಸೈನ್ಸೇ ಮೇಲೆ ಹಾಕ್ಸಿಬಿಡ್ಲಾ?" ಎಂದು ಕೇಳಿದೆ. ಇವರ ಮಾತು ಕೇಳಿ ಕೆಟ್ಟೆ ಎಂದು ಮೂವತ್ತು ವರ್ಷ ಹೇಳಿಕೊಂಡು ಬಂದವನು ನಾನೇ. ಆದರೂ ಕೇಳಿದೆ. ಕೇಳದೆ ಇರಲು ಆಗಲಿಲ್ಲ.

"ನೋಡ್ದೆ ಎಂಗ್ಲಾ ಯೋಳದು? ಒಂದು ಸುತ್ತು ಓಗ್ಬುಟ್ಟು ಬರಾವ," ಎಂದು ಮಾವ ಎದ್ದರು.

"ಕತ್ತು ಎತ್ತಂಗಿಲ್ಲ, ಅದೇನು ನೋಡ್ತಾರಂತೆ!" ಎಂದು ಒಳಗಿನಿಂದ ಅತ್ತೆಯ ದನಿ ಬಂತು.

"ಮಗಾ ನೋಡ್ತದೆ, ನಾನು ಕೇಳ್ತೀನಿ."

ಸಿಂಚನ ತಾತನ ಟಿವಿಎಸ್ ತೆಗೆದಳು. ಮಾವ ಹಿಂದೆ ಕೂತರು. ಅವರು ಬಿದ್ದಾರೆಂಬ ಚಿಂತೆಯಲ್ಲಿ ನಾನು ಬೈಕಿನಲ್ಲಿ ಹಿಂದೆ ಹಿಂದೆ ಹೋದೆ.

ಊರಾಚೆಗೆ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಮನೆ. ಮಾವನ ಕಣ್ಣಿಗೆ ಅದರ ಹೊಸ್ತಿಲು ಮಾತ್ರ ಕಾಣುತ್ತಿತ್ತು. "ಮ್ಯಾಲೆ ಏನೈತವ್ವಾ?"

"ಗಾಜು ತಾತ. ಪೂರ್ತಿ ನೀಲಿ ಗಾಜು. ಸ್ಟೀಲ್ ಕಂಬಿ."

"ಸಿಂಹ?"

"ಕುದುರೆ ತಾತ. ಎರಡು."

ಮಾವನಿಗೆ ಆ ಸುದ್ದಿ ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಸಿಂಹ ಹೋಗಿ ಕುದುರೆ ಬಂದಿರುವುದು ಅವರಿಗೆ ತಿಳಿದಿರಲಿಲ್ಲ. ಹೊಸ್ತಿಲಲ್ಲಿ ನಿಂತ ಹೆಂಗಸನ್ನು ಕೇಳಿದರು: "ನಿಮ್ಮ ಮಗ ಏನು ಓದವ್ನವ್ವಾ?"

"ಓದಾ? ಎಂಟ್ನೇ ಕ್ಲಾಸ್ಗೆ ಬುಟ್ಬುಟ್ಟ ಕಣಣ್ಣ. ಜೆಸಿಬಿ ಮಡಗವ್ನೆ."

ಮಾವ ಸಿಂಚನಳ ಕಡೆ ಇಡೀ ಮೈ ತಿರುಗಿಸಿದರು. "ನಿನ್ನ ಫೋನಲ್ಲಿ ಜೆಸಿಬಿಗೆ ಆಪ್ಷನ್ ಐತಾ ನೋಡವ್ವ." ಅವಳು ಹ್ಯಾಂಡಲ್ ಮೇಲೆ ತಲೆಯಿಟ್ಟು ನಗತೊಡಗಿದಳು. ಆ ತಿಂಗಳಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ಮಾಕವಳ್ಳಿಯ ಕಡೆ ಇನ್ನೊಂದು ಮನೆ. ಅದು ಕಂಪ್ಯೂಟರ್ ಎಂಜಿನಿಯರನದೇ ಎಂದು ಮಾವನಿಗೆ ಮೊದಲೇ ಗೊತ್ತಿತ್ತು. ಆ ಹುಡುಗ ಭಾನುವಾರವೂ ಮಹಡಿಯ ಕೋಣೆಯಲ್ಲಿ ಕೆಲಸದಲ್ಲಿದ್ದ. ಅವನ ತಾಯಿ ಮೆಟ್ಟಿಲ ಕೆಳಗೆ ನಿಂತು ಬಹಳ ಹೊತ್ತು ಕೂಗಿದ ಮೇಲೆ, ಕಿವಿಯಿಂದ ಏನೋ ತೆಗೆಯುತ್ತ ಇಳಿದು ಬಂದ. ಒಳ್ಳೆಯ ಹುಡುಗ. ನಿಂತುಕೊಂಡೇ ಎಲ್ಲ ಹೇಳಿದ. ಸಂಬಳ ಚೆನ್ನಾಗಿದೆ, ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಸದ್ಯ ಇದೆ ಎಂದ. ನಾನು ತಲೆಯಾಡಿಸಿ ಸಂಬಳದ ಭಾಗವನ್ನಷ್ಟೇ ನೆನಪಿಟ್ಟುಕೊಂಡೆ. ಸಿಂಚನ ಕೇಳಿದಳು: "ಅಣ್ಣ, ಇನ್ನೊಂದ್ಸಲ ಓದೋದಾದ್ರೆ ಇದೇ ಓದ್ತೀರಾ?"

ಅವನು ಕಿವಿಯಿಂದ ತೆಗೆದದ್ದನ್ನು ಮತ್ತೆ ಕಿವಿಗಿಟ್ಟುಕೊಂಡ. "ಆ ಪ್ರಶ್ನೆ ಈಗ ಕೇಳಬೇಡಮ್ಮ, ಮೀಟಿಂಗ್ ಐತೆ," ಎಂದು ನಕ್ಕು ಮೇಲೆ ಹೋದ.

ಮಾವ ಗಾಡಿಯ ಮೇಲೆ ಕೂತೇ ಆ ಹುಡುಗನ ಮುಖವನ್ನು ನೋಡಿದ್ದರು. ಕೊರಳಪಟ್ಟಿಯ ದೆಸೆಯಿಂದ ನೋಡಲು ಅವರಿಗೆ ಬೇರೇನೂ ಇರಲಿಲ್ಲ. "ಕಣ್ಣು ಕೆಂಪಗೆ ಆಗದೆ ಪಾಪ," ಎಂದರು. ಇಷ್ಟು ವರ್ಷ ಎಷ್ಟೋ ಮನೆಗಳ ಮುಂದೆ ನಿಂತಿದ್ದವರು, ಯಾವೊಬ್ಬನ ಕಣ್ಣಿನ ವಿಚಾರವನ್ನೂ ಹೇಳಿದ್ದು ನನಗೆ ನೆನಪಿಲ್ಲ. "ಸಾಕು ಕಣವ್ವ, ಮನೆಗೆ ನಡಿ."

ಮನೆಯ ಮುಂದೆ ಗಾಡಿ ನಿಂತಿತು. ಮಾವ ಇಳಿಯಲಿಲ್ಲ.

"ಈ ಮನೆ ಮ್ಯಾಲೆ ಏನೈತವ್ವಾ?"

ಸಿಂಚನ ತಲೆಯೆತ್ತಿ ನೋಡಿದಳು. "ಕಂಬಿ ತಾತ."

"ತುಕ್ಕು ಇಡ್ದವಾ?"

"ಸ್ವಲ್ಪ."

"ಬಾಟ್ಲಿ ಅವಾ?"

"ಒಂದು ಬಿದ್ದೋಗಿದೆ. ಅಪ್ಪನ ಮೂಲೆದು."

ಮಾವ ಕೊರಳಪಟ್ಟಿ ಸರಿಪಡಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ನಿಂಗೆ ಯಾವ್ದು ಹಾಕ್ಬೇಕು ಅಂತ ಅನ್ನಿಸ್ತಾದೆ ಮಗ? ನಿಮ್ಮಪ್ಪ ಇಲ್ಲ ಅಂದ್ಕಂಡು ಯೋಳು."

ನಾನು ಪಕ್ಕದಲ್ಲೇ ಬೈಕಿನ ಮೇಲಿದ್ದೆ. ಇಲ್ಲದವನಂತೆ ಕೂತೆ.

"ಗೊತ್ತಿಲ್ಲ ತಾತ," ಎಂದಳು ಸಿಂಚನ. "ಆಸ್ಪತ್ರೇಲಿ ಆ ಅಕ್ಕ ನಿಮ್ಮ ಕತ್ತು ಹಿಡಿದಾಗ ನಾನು ಫೋನ್ ನೋಡ್ಲಿಲ್ಲ. ಬೇರೆ ಎಲ್ಲಾ ಕಡೆನೂ ನೋಡ್ತೀನಿ. ಅಲ್ಲಿ ನೋಡ್ಲಿಲ್ಲ. ಅಷ್ಟೇ."

"ಸಂಬಳ?" ಎಂದೆ. ಇಲ್ಲದವನಾಗಿರಲು ನನ್ನಿಂದ ಅಷ್ಟು ಹೊತ್ತೇ ಸಾಧ್ಯವಾದದ್ದು.

"ಆ ಅ‌ಕ್ಕನ್ನೇ ಕೇಳ್ದೆ ಅಪ್ಪ. ಶುರುನಲ್ಲಿ ಕಮ್ಮಿ, ಕೈ ಪಳಗಿದ ಮೇಲೆ ಪರವಾಗಿಲ್ಲ ಅಂದ್ರು."

"ಅದಕ್ಕೆ ಮಾಡಿ ಏಳ್ತದೇನವ್ವಾ?" ಮಾವ ಕೇಳಿದರು.

"ಗೊತ್ತಿಲ್ಲ ತಾತ."

"ಸರಿ. ಅದ್ನೇ ಮ್ಯಾಲೆ ಹಾಕು. ಏಳ್ದೆ ಓದ್ರೆ, ಬೋರಣ್ಣ ಯೋಳ್ದ ಅನ್ನು."

"ಮಾವ, ಇದೇನು ತಮಾಷೆನಾ? ಒಂದ್ಸಲ ಹಾಕಿದ್ರೆ ಮುಗೀತು," ಎಂದು ನಾನು ಬೈಕಿನಿಂದ ಇಳಿದೆ. ನನ್ನ ದನಿ ಅಗತ್ಯಕ್ಕಿಂತ ಎತ್ತರಕ್ಕೆ ಹೋಗಿತ್ತು.

"ಲೇ ಲೋಕೇಶ. ನಿನ್ನ ಡಿಪ್ಲೊಮಾಕ್ಕೆ ಸೇರ್ಸಿದ್ದು ಯಾರ್ಲಾ?"

"ನೀನೇ."

"ಇಲ್ಲಿಗಂಟ ಯಾರನ್ನ ಬೈಕಂಡು ಬಂದೆ?"

"...ನಿನ್ನೇ."

"ನಿಮ್ಮಪ್ಪನ್ನ ಬೈದ್ಯಾ? ಇಲ್ಲ. ನಿನ್ನ ನೀನು ಬೈಕಂಡ್ಯಾ? ಅದೂ ಇಲ್ಲ. ಜಯಂತಿನೂ ಅಷ್ಟೆ, ಕುಮಾರನೂ ಅಷ್ಟೆ. ನನ್ನ ಬೈಕಂಡು ನೆಮ್ಮದಿಯಾಗಿ ಉಂಡ್ರಿ. ಯಾವ ಓದು ದುಡ್ಡು ತತ್ತದೆ ಅಂತ ಯಾವ ನನ್ಮಗಂಗೆ ಗೊತ್ಲಾ? ನಂಗೆ ಗೊತ್ತಿರ್ನಿಲ್ಲ, ನಿಮ್ಮಪ್ಪಂಗೂ ಗೊತ್ತಿರ್ನಿಲ್ಲ. ಯಾರೋ ಒಬ್ಬ ಯೋಳ್ಬೇಕಾಗಿತ್ತು, ಯೋಳ್ದೆ. ಈ ಮಗೀಗೂ ನಾನೇ ಯೋಳ್ದೆ ಅನ್ಕೊ. ಬಾ, ಇಳಿಸ್ಕೊ ನನ್ನ. ಸೊಂಟ ಇಡ್ಕಂಡದೆ."

ಇಳಿಸಿಕೊಂಡೆ. ಅವರು ಹೇಳಿದ್ದರಲ್ಲಿ ನೆಮ್ಮದಿಯಾಗಿ ಉಂಡೆ ಎನ್ನುವುದೊಂದು ಸುಳ್ಳು, ಉಳಿದದ್ದೆಲ್ಲ ನಿಜ. ಮಾವನ ಭುಜ ನನ್ನ ಭುಜಕ್ಕೆ ತಾಗಿತು. ಆ ಹುಡುಗಿ ಹೇಳಿದ್ದು ಸರಿ, ಕಲ್ಲಿನ ಹಾಗೆ ಬಿಗಿದಿತ್ತು. ನನ್ನಪ್ಪ ಟವಲು ಕೊಡವಿ ಎದ್ದು ಹೋಗುತ್ತಿದ್ದುದು ನೆನಪಾಯಿತು. 'ಬೋರಣ್ಣನ್ನ ಕೇಳಿ' ಎನ್ನುವ ಮಾತಿನಲ್ಲಿದ್ದದ್ದು ಗೌರವ ಅಲ್ಲ.

ಸಿಂಚನ ಅಂದು ಸಂಜೆ ಜಗಲಿಯ ಮೇಲೆ ಕೂತು ಆಪ್ಷನ್ ಹಾಕಿದಳು. ಫಿಜಿಯೋಥೆರಪಿ ಮೇಲೆ, ನನ್ನ ಕಂಪ್ಯೂಟರ್ ಸೈನ್ಸ್ ಎಲ್ಲೋ ಕೆಳಗೆ, ಮರ್ಯಾದೆಗೆ. ನಾನು ಸುತ್ತಲೂ ನಡೆದಾಡಿದೆ. ಮೇಲೆ ಹಾಕಿದ್ದೇ ಸಿಕ್ಕಿತು. ಅವಳನ್ನು ಕಾಲೇಜಿಗೆ ಸೇರಿಸಿ ಬಂದ ದಿನ ಮಾವನಿಗೆ ಹೇಳಲು ಹೋದಾಗ ಅವರು ದನದ ಕೊಟ್ಟಿಗೆಯಲ್ಲಿದ್ದರು. "ಸಿಕ್ತಾ? ಸರಿ. ಇನ್ನು ಬೈಯಾಕೆ ಶುರು ಮಾಡು," ಎಂದು ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮಳೆಗಾಲ ಮುಗಿಯುವ ಮುಂಚೆ ಒಂದು ಬೆಳಗ್ಗೆ, ಹಾಲು ಕರೆದು ಕ್ಯಾನಿಗೆ ಸುರಿದು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ.

ತಿಥಿಯ ದಿನ ಮನೆ ಮುಂದಿನ ಅಂಗಳವೆಲ್ಲ ಕೆಸರು. ಊಟಕ್ಕೆ ಎಲ್ಲಿ ಕೂರಿಸುವುದೆಂದು ಕುಮಾರ ತಲೆ ಕೆರೆದುಕೊಳ್ಳುತ್ತಿದ್ದ. ಶಾಮಿಯಾನದವರು ತಾರಸಿ ಹತ್ತಿ ನೋಡಿ, "ಇಲ್ಲೇ ಕಂಬಿ ಅವಲ್ಲಣ್ಣ," ಎಂದರು. ಬಾಟಲಿಗಳನ್ನು ತೆಗೆದು, ಕಂಬಿಗಳಿಗೆ ಬೊಂಬು ಬಿಗಿದು, ಕೆಂಪು ಹಳದಿಯ ಬಟ್ಟೆ ಎಳೆದು ಕಟ್ಟಿದರು. ಅತ್ತೆ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಜೋರಾಗಿ ಎಳ್ದು ಕಟ್ರಪ್ಪಾ, ಏನೂ ಆಗಾಕಿಲ್ಲ. ಕಬ್ಬಿಣ ಮಾತ್ರ ಒಳ್ಳೇದೇ ತಂದಿದ್ರು ಅವ್ರು."

ಮೇಲೆಯೇ ಎಲೆ ಹಾಕಿದೆವು. ನಾನು ಸಾರಿನ ಬಕೆಟ್ಟು ಹಿಡಿದಿದ್ದೆ. ಸಿಂಚನ ಕಾಲೇಜಿನಿಂದ ಬಂದವಳು ಜಯಂತಿಯ ಪಕ್ಕದಲ್ಲಿ ಕೂತಿದ್ದಳು. ಎದುರು ಪಂಕ್ತಿಯಿಂದ ದೂರದ ನೆಂಟರ ಒಬ್ಬ ಮುದುಕಿ ವಿಚಾರಿಸಿದಳು.

"ಏನು ಓದ್ತಿದ್ದೀಯವ್ವಾ?"

"ಫಿಜಿಯೋಥೆರಪಿ ಅಜ್ಜಿ."

"ಅಂಗಂದ್ರೆ?"

"ಕತ್ತು, ಸೊಂಟ, ಮಂಡಿ ನೋವಿಗೆ ನೋಡೋದು."

"ಸೊಂಟ ನೋಡಾಕೆ ಕಾಲೇಜಾ! ಅದಕ್ಕೆ ಸಂಬ್ಳ ಬತ್ತದಾ? ಯಾರವ್ವಾ ನಿಂಗೆ ಇದ್ನ ಓದು ಅಂತ ಯೋಳ್ದೋರು?"

ನಾನು ಬಕೆಟ್ಟು ಹಿಡಿದು ನಿಂತುಬಿಟ್ಟೆ. ನಾನೇ ಎಂದು ಹೇಳೋಣವೆಂದು ಬಾಯಿ ತೆರೆದೆ. ಜೀವನದಲ್ಲಿ ಒಮ್ಮೆಯಾದರೂ ಆ ಮಾತು ಹೇಳಬೇಕೆಂದು ಮನಸ್ಸಾಗಿತ್ತು. ಅಷ್ಟರಲ್ಲಿ ಸಿಂಚನ, ಅನ್ನ ಕಲಸುತ್ತ, ತಲೆಯೆತ್ತದೆ ಹೇಳಿದಳು:

"ಬೋರಣ್ಣ ತಾತ."

ಪಂಕ್ತಿಗೆ ಪಂಕ್ತಿಯೇ ಕೂಗಿತು. "ಅಯ್ಯೋ, ಅವನ ಮಾತು ಕೇಳ್ಕಂಡಾ!" ಜಯಂತಿ ಸೆರಗು ಬಾಯಿಗಿಟ್ಟು ನಕ್ಕಳು. ಕುಮಾರ ಎಲ್ಲರಿಗಿಂತ ಜೋರಾಗಿ ನಕ್ಕು, ಕೈಯೆಲ್ಲ ಅನ್ನವಾಗಿದ್ದರಿಂದ ಭುಜಕ್ಕೆ ಕಣ್ಣೊರೆಸಿಕೊಂಡ. ಗಾಳಿ ಬಂದು ಶಾಮಿಯಾನ ಉಬ್ಬಿತು, ಕಂಬಿಗಳು ಕಿರ್ರೆಂದವು, ನಿಂತವು. ನಾನು ಕತ್ತೆತ್ತಿ ನೋಡಿದೆ, ಬಹಳ ಹೊತ್ತು. ಬಳಿಕ ಯಾರೋ "ಸಾರು ಸಾರು" ಎಂದರು, ಮುಂದಿನ ಎಲೆಗೆ ಹೋದೆ.

ಮಧ್ಯಾಹ್ನಕ್ಕೆ ಎಲ್ಲರೂ ಉಂಡೆದ್ದ ಮೇಲೆ ಶಾಮಿಯಾನದವರು ಎಲ್ಲವನ್ನೂ ಬಿಚ್ಚಿಕೊಂಡು ಹೋದರು. ಅತ್ತೆ ಒಂದೊಂದೇ ಬಾಟಲಿಯನ್ನು ಹುಡುಕಿ ತಂದು ಕಂಬಿಗಳಿಗೆ ಮತ್ತೆ ಕವುಚಿದರು. ನನ್ನ ಮೂಲೆಗೆ ಒಂದು ಕಡಿಮೆ ಬಿತ್ತು. ಕೆಳಗೆ ಹೋಗಿ ನೀರು ಕುಡಿದು, ಖಾಲಿ ಬಾಟಲಿ ತಂದು ಕೊಟ್ಟೆ.